ಮಾತು ಕಮ್ಮಿ

ಹೆಣ್ಣಿನ ಮನೆಯ ಮೆಟ್ಟಿಲು ಹತ್ತುವಾಗಲೇ ನರಹರಿಯ ಅಮ್ಮ ಪಿಸುಗುಟ್ಟಿದ್ದಳು, "ನೀನು ಬಾಯಿ ಬಿಡಬೇಡ. ಎಲ್ಲ ನಾನು ನೋಡ್ಕೋತೀನಿ."

ಮೂವತ್ತು ದಾಟಿದರೂ 'ರ' ಅನ್ನಲು ಅವನ ನಾಲಿಗೆ ಹೊರಳುತ್ತಿರಲಿಲ್ಲ. ಚಿಕ್ಕ ಮಕ್ಕಳ ಹಾಗೆ 'ಲ' ಆಗಿಬಿಡುತ್ತಿತ್ತು.

"ನಮ್ಮ ಹುಡುಗನಿಗೆ ಮಾತು ಕಮ್ಮಿ," ಎಂದಳು ಅಮ್ಮ, ಚಾಪೆಯ ಮೇಲೆ ಕೂರುತ್ತ.

"ನಮ್ಮ ಹುಡುಗೀನೂ ಅಷ್ಟೇ, ನಾಚಿಕೆ ಜಾಸ್ತಿ," ಎಂದರು ಹುಡುಗಿಯ ತಾಯಿ. ಹುಡುಗಿ ಕೇಳಿದ್ದಕ್ಕೆಲ್ಲ ಬರೀ ತಲೆಯಾಡಿಸಿದಳು.

ಅಷ್ಟರಲ್ಲಿ ಹುಡುಗಿಯ ಅಕ್ಕನ ಮಗು, ಮೂರು ವರ್ಷದ್ದು, ತಟ್ಟೆ ಹಿಡಿದುಕೊಂಡು ಬಂತು. "ಕೇಸಲಿಬಾತು ತಗೊಳ್ಳಿ!"

ಎಲ್ಲರೂ ಮುದ್ದಿನಿಂದ ನಕ್ಕರು. ತನ್ನನ್ನೇ ಕಂಡು ನಕ್ಕಂತಾಗಿ ನರಹರಿ ನೆಲ ನೋಡಿದ.

ಮಗು ಅವನ ಮಂಡಿ ಹಿಡಿಯಿತು. "ನಿಮ್ಮ ಹೆಸಲೇನು?"

ಅಮ್ಮ ಹೇಳಲು ಹೊರಟಳು.

"ನೀವಲ್ಲ, ಇವಲೇ ಹೇಳ್ಬೇಕು!"

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

"ನಲಹಲಿ," ಎಂದ.

ಈ ಸಲ ಯಾರೂ ನಗಲಿಲ್ಲ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ಹೊರಟುಬಿಡೋಣ ಅನ್ನಿಸಿತು ಅವನಿಗೆ.

ಮಗು ಮಾತ್ರ ಚಪ್ಪಾಳೆ ತಟ್ಟಿ ಕುಣಿಯಿತು.

"ಅಜ್ಜೀ, ಇವಲೂ ನಮ್ಮ ಚಿಕ್ಕಮ್ಮನ ಥಲಾನೇ ಮಾತಾಡ್ತಾಲೆ!"