ನಾಗನಾಥ ಶೇಟರ ಪಾದಯಾತ್ರೆ

ಉಮರ್ಗಾದ ಕಾಳಿನ ಅಡತಿ ವ್ಯಾಪಾರಿ ನಾಗನಾಥ ಶೇಟರು ಉದಗೀರಿನ ಲಾಡ್ಜಿನಲ್ಲಿ ಕೂತು ಎರಡನೇ ಪ್ಲೇಟು ಭಜಿ ತರಿಸಿಕೊಂಡಾಗ, ಊರವರ ಪ್ರಕಾರ ಅವರು ಶ್ರೀಶೈಲದ ಕಾಡು ದಾಟುತ್ತಿದ್ದರು. ಬರಿಗಾಲಲ್ಲಿ, ಒಪ್ಪೊತ್ತಿನ ಊಟದಲ್ಲಿ.

ಅವರಿಗೆ ಬೇಕಿದ್ದದ್ದು ಊರ ಪಕ್ಕದ ತುರೋರಿ ಮಠದ ಪಂಚರ ಕುರ್ಚಿ. ಶ್ರೀಶೈಲಕ್ಕೆ ನಡೆದು ಹೋದವರಿಗೇ ಆ ಕುರ್ಚಿ ಎಂಬುದು ಮಠದ ಕಟ್ಟಳೆ. ಹಿಂದೊಬ್ಬ ಮಹಾನುಭಾವರು ಬಸ್ಸಿನಲ್ಲಿ ಹೋಗಿಬಂದು, ಕಾಲಿಗೆ ಅರಿಷಿಣ ಮೆತ್ತಿಕೊಂಡು ಕುಂಟಿದ್ದರು. ಅಂದಿನಿಂದ ಮಠದ ಕಾಶಿನಾಥಯ್ಯನವರು ನೆನಪಿನ ಯಂತ್ರ ತರಿಸಿಟ್ಟಿದ್ದರು. ತಲೆಗೆ ಟೋಪಿ ಹಾಕಿದರೆ ಸಾಕು, ನೆನಪು ಗೋಡೆಯ ಮೇಲೆ ಸಿನಿಮಾದಂತೆ ಓಡುತ್ತದೆ. ಬಾಯಿ ಸುಳ್ಳು ಹೇಳೀತು, ನೆನಪು ಹೇಳದು ಎಂದು ಅಯ್ಯನವರ ನಂಬಿಕೆ. ಪಾಪ, ಅವರು ಉದಗೀರಿನ ಪೇಟೆ ಕಂಡವರಲ್ಲ.

ಹೊರಡುವ ದಿನ ಹೆಂಡತಿ ಶಿವಗಂಗಾಬಾಯಿ ಬುತ್ತಿ ಕಟ್ಟಿಕೊಟ್ಟಿದ್ದಳು.

"ಬೊಬ್ಬಿ ಎದ್ರ ಒಡೀಬ್ಯಾಡ್ರಿ. ಐದನೇ ದಿನಕ್ಕ ಕಾಲಿಗಿ ರೂಢಿ ಆಗ್ತದ."

"ನಿನಗೇನ ಗೊತ್ತು? ಉಮರ್ಗಾ ಬಿಟ್ರ ಜಳಕೋಟ, ಅಷ್ಟೇ ಕಂಡಾಕಿ ನೀ."

"ಹೌದ್ರೀ, ನಾ ಅಷ್ಟೇ ಕಂಡಾಕಿ."

ಹೋದ ಯುಗಾದಿಗೆ ತವರೂರು ಜಳಕೋಟಕ್ಕೆಂದು ಹೋದವಳು ತಿಂಗಳ ಮೇಲೆ ಕಪ್ಪಾಗಿ, ಸೊರಗಿ ಬಂದಿದ್ದಳು. ತವರಿನವರು ಹೊಟ್ಟೆಗೇ ಹಾಕಲಿಲ್ಲವೆಂದು ಶೇಟರು ಇಂದಿಗೂ ಚುಚ್ಚುತ್ತಿದ್ದರು.

ಉದಗೀರಿನ ಪೇಟೆಯಲ್ಲಿ ಧನರಾಜನೆಂಬವನು ಶ್ರೀಶೈಲ ಯಾತ್ರೆಯಿಂದ ಮರಳುವವರಿಗೆ ಪುಕ್ಕಟೆ ಚಹಾ ಕುಡಿಸುತ್ತಿದ್ದ. ಕುಡಿದವರಿಗೆ ಗೊತ್ತಾಗದಂತೆ ಅವರ ನೆನಪಿನ ನಕಲು ತೆಗೆದು ಮಾರುತ್ತಿದ್ದ.

"ಹೋದ ವರ್ಷದ ಮಾಲ್ ಅದರೀ ಶೇಟ್. ಒಂದ್ ದಿನಾನೂ ಗಾಡಿ ಹತ್ತಿಲ್ಲ. ನಿಮ್ಮ ತಲಿಗಿ ಇಳಿಸಿಬಿಡ್ತೀನಿ."

"ಯಾರದು?"

"ಯಾರದಾದ್ರೇನ್ರೀ? ಪುಣ್ಯದ ಮ್ಯಾಲ ಹೆಸರು ಬರದಿರ್ತಾರೇನು?"

ಶೇಟರಿಗೆ ಮಾತು ಹಿಡಿಸಿತು. ಇಳಿಸಿಕೊಂಡರು. ಪೂರ್ತಿ ಒಮ್ಮೆ ನೆನೆಸಿ ನೋಡೋಣವೆಂದು ಲಾಡ್ಜಿನ ಮಂಚದ ಮೇಲೆ ಒರಗಿದರು. ಮೂರನೇ ಮೈಲಿಗೇ ದಣಿವಾಗಿ ಗೊರಕೆ ಹೊಡೆದರು.

ಪರೀಕ್ಷೆಯ ದಿನ ಮಠ ತುಂಬಿತ್ತು. ಶಿವಗಂಗಾಬಾಯಿ ಮಗಳು ಪ್ರಣಿತಾಳ ಪಕ್ಕದಲ್ಲಿ, ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಶೇಟರು ಅಳತೆಗೆ ತಕ್ಕಷ್ಟು ಕುಂಟುತ್ತ ಬಂದು ಟೋಪಿಗೆ ತಲೆ ಕೊಟ್ಟರು.

"ಹಾದಿ ಎಲ್ಲಾ ನೋಡ್ಕೋತ ಕುಂತ್ರ ಹದಿನೈದ್ ದಿನ ಬೇಕು," ಎಂದರು ಕಾಶಿನಾಥಯ್ಯ. "ಸೀದಾ ಗುಡಿದು ಹಚ್ಚತೀನಿ."

ಗೋಡೆಯ ಮೇಲೆ ಶಿಖರ ಎದ್ದಿತು. ಜನ ಕೈ ಮುಗಿದರು. ಹಿರಿಯ ಪಂಚರಾದ ಕಲ್ಯಾಣಪ್ಪನವರಂತೂ ಅತ್ತೇಬಿಟ್ಟರು. ಶೇಟರು ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿದರು. ಇನ್ನೇನು ನಾಲ್ಕು ಹೆಜ್ಜೆ. ಅಷ್ಟನ್ನು ನಡೆಯಲು ಅವರು ಸಿದ್ಧರಿದ್ದರು.

ಗೋಡೆಯ ಮೇಲೆ ಗರ್ಭಗುಡಿಯ ಬಾಗಿಲು ಬಂತು. ಅರ್ಚಕರು ಇತ್ತ ತಿರುಗಿ ಕೇಳಿದರು: "ಪೂಜೆ ಯಾರ ಹೆಸರಿಗೆ?"

ಇಡೀ ಮಠಕ್ಕೆ ಕೇಳುವಂತೆ ಹೆಣ್ಣುದನಿಯೊಂದು ನಾಚುತ್ತ ಉತ್ತರಿಸಿತು: "ನಮ್ಮ ಮನಿಯವರ ಹೆಸರ್ಲೇ ಮಾಡ್ರಿ, ಅವರ ಹೆಸರು ನಾ ಬಾಯ್ಲೇ ಹೇಳಬಾರದ್ರೀ... ಉಮರ್ಗಾದ ಅಡತಿ ಶೇಟ್, ಪ್ರಣಿತಾನ ಅಪ್ಪ ಅಂತ ಅನ್ರಿ, ಅವರ ಕೈಲೇ ನಡಿಯೋದು ಆಗಂಗಿಲ್ಲಂತ ನಾ ಬಂದೀನಿ."