ಗಾಳಿ ಇರೋಗಂಟ

ಪೂರ್ವಿ, ತೇಜು, ಮೊನ್ನೆ ನೀವು ಕಡಲೆಕಾಯಿ ಸುಲಿಯುವಾಗ ಎದ್ದ ಸಿಪ್ಪೆಯ ದೂಳಿನ ವಾಸನೆ ನನ್ನನ್ನು ನಿಡುಗಲ್ಲಿನ ನಮ್ಮ ಪಡಸಾಲೆಗೆ ಕರೆದೊಯ್ದಿತು.

ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ಮಧ್ಯಾಹ್ನ ಅಜ್ಜಿಯೂ ನಾನೂ ಬಿತ್ತನೆಯ ಬೀಜ ಸುಲಿಯುತ್ತಿದ್ದೆವು. ಬೀಜ ಬಾಯಿಗೆ ಹೋಗದಿರಲೆಂದು ಸುಲಿಯುವವರು ಹಾಡಿನ ಪದ ಹೇಳುತ್ತಲೇ ಇರಬೇಕೆಂಬುದು ಮನೆಯ ಕಟ್ಟಳೆ. ನಾನು ಪದದ ಬದಲು, ಸದ್ದು ಗಾಳಿಯಲ್ಲಿ ಸಾಗುತ್ತದೆಂಬ ಶಾಲೆಯ ಪಾಠವನ್ನು ಗಟ್ಟಿಯಾಗಿ ಹೇಳುತ್ತಿದ್ದೆ.

ಅಪ್ಪ ಒಳಗೆ ಬಂದರು. "ನಿನ್ ದನಿ ಅರಳಿಕಟ್ಟೆಗಂಟ ಕೇಳ್ತದಲ್ಲೇ! ಹೆಣ್ಮಕ್ಳು ಇಂಗೆ ಅರಚ್ತಾರಾ? ಇಸ್ಕೂಲು ಸಾಕು. ನಾಳೆಯಿಂದ ಕುರಿ ಹಿಂದೆ ಹೋಗು."

ಕೈಯಲ್ಲಿದ್ದ ಕಾಯಿಯನ್ನು ಹಿಸುಕಿದೆ. "ಯಾವ್ದೋ ದೇಶದ ಹೆಂಗಸು ಆಕಾಶಕ್ಕೆ ಹೋಗಿ, ಅಲ್ಲಿಂದ್ಲೇ ಮಾತಾಡಿದ್ಳಂತೆ. ಮೇಷ್ಟ್ರು ಹೇಳಿದ್ರು," ಎಂದೆ.

ಅಜ್ಜಿ ಬಾಯಿ ಬಿಟ್ಟರು. "ಅಷ್ಟು ದೂರಕ್ಕೆ ಕೇಳಂಗೆ ಕೂಗಿದ್ಳಾ? ಅವಳಿಗೆ ಅಪ್ಪ ಇಲ್ವೇನೇ?"

"ಅಲ್ಲಿ ಗಾಳೀನೇ ಇಲ್ಲ ಕಣಜ್ಜಿ, ಕೂಗಿದ್ರೂ ಕೇಳಾಕಿಲ್ಲ. ರೇಡಿಯೋದಾಗೆ ಕಳಿಸ್ತಾರೆ. ಇಲ್ಲಿ ಗಾಳಿ ಐತೆ. ಅದು ಇರೋಗಂಟ ನನ್ ದನಿ ಅರಳಿಕಟ್ಟೆಗೆ ಹೋಗೇ ಹೋಗ್ತದೆ."

ಅಪ್ಪ ಬಾಗಿಲು ಹಾಕಿದರು. ನಾನು ಎದ್ದು ತೆರೆದೆ. ಹೊಸಿಲ ಮೇಲೆ ಕೂತು ಪಾಠವನ್ನು ಮೊದಲಿನಿಂದ ಹೇಳಿದೆ.

ಮರುದಿನ ಕುರಿಗಳ ಹಿಂದೆ ಅಪ್ಪನೇ ಹೋದರು.

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಓದುವುದಾದರೆ ಗಟ್ಟಿಯಾಗಿ ಓದಿ.