ಕೇಳಿಸಿಕೊಂಡವನ ಬಾಯಿ

ಗಣಿತ, ಚರಿತ್ರೆ, ವಿಜ್ಞಾನ ಮೂರರಲ್ಲೂ ಮೊದಲು ಬಂದಳೆಂದು ಕಾವಲುಗಾರನ ಮಗಳನ್ನು ಪಾದ್ರಿಗಳ ಶಾಲೆಯಿಂದ ಹೊರಗೆ ಹಾಕಿದರು.

ಪ್ರಶ್ನೆಪತ್ರಿಕೆಗಳಿದ್ದದ್ದು ಆಫೀಸಿನ ಬೀರುವಿನಲ್ಲಿ. ಪರೀಕ್ಷೆಗೆ ಮೊದಲೇ ಯಾರೋ ಅವನ್ನು ಹೊರಗೆ ತೆಗೆದಿದ್ದರು. ಬೀಗ ಮುರಿದಿರಲಿಲ್ಲ. ಆಫೀಸಿನ ಕೀಲಿಗೊಂಚಲು ಕಾವಲುಗಾರನ ಸೊಂಟದಲ್ಲಿರುತ್ತದೆ. ಇನ್ನೇನು ಬೇಕು? ಬಡವರ ಮಗು ಜಾಣೆಯಾದರೆ ಕದ್ದಿರಲೇಬೇಕು.

ಲೆಕ್ಕದ ಫಾದರ್‌ಗೆ ಕಳ್ಳರು ಬೇರೆ ಎಂದು ಗೊತ್ತಿತ್ತು. ಪರೀಕ್ಷೆಯ ಬೆಳಿಗ್ಗೆ ಒಂದು ಲೆಕ್ಕದಲ್ಲಿ ಅಚ್ಚಿನ ತಪ್ಪು ಕಂಡು, ಕಪ್ಪುಹಲಗೆಯ ಮೇಲೆ ಅಂಕಿ ತಿದ್ದಿ ಬರೆದಿದ್ದರು. ಇಡೀ ತರಗತಿ ತಿದ್ದಿದ ಲೆಕ್ಕ ಮಾಡಿತ್ತು. ಒಬ್ಬ ಮಾತ್ರ ಹಲಗೆಯತ್ತ ತಲೆಯೆತ್ತದೆ, ತಪ್ಪು ಅಂಕಿಗೇ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದಿದ್ದ. ಮನೆಯಲ್ಲೇ ಬಾಯಿಪಾಠ ಮಾಡಿ ಬಂದವನು ಮಾತ್ರ ಹಾಗೆ ಬರೆಯಬಲ್ಲ. ಅವನು ಗುತ್ತಿಗೆದಾರನ ಮಗ. ಶಾಲೆಗೆ ಪುಕ್ಕಟೆಯಾಗಿ ಹೊಸ ಪ್ರಯೋಗಾಲಯ ಕಟ್ಟಿಸಿಕೊಟ್ಟ ಗುತ್ತಿಗೆದಾರ.

ಶುಕ್ರವಾರ ಶಿಕ್ಷಕರ ಕೋಣೆಯಲ್ಲಿ ಲೆಕ್ಕದ ಫಾದರ್ ಎಲ್ಲರ ಎದುರಿಗೇ ಹೇಳಿಬಿಟ್ಟರು: "ಸೋಮವಾರ ಆಡಳಿತ ಮಂಡಳಿ ಮುಂದೆ ಕಳ್ಳತನದ ಬುಡ ತೋರಿಸ್ತೀನಿ."

"ತೋರಿಸಿ ಫಾದರ್," ಚರಿತ್ರೆಯ ಸಿಸ್ಟರ್ ನಕ್ಕರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾರು ಮುಟ್ಕೋತಾರೆ ನೋಡೋಣ."

ಯಾರೂ ಮುಟ್ಟಿಕೊಳ್ಳಲಿಲ್ಲ. ಶಾಲೆಯ ಮುಖ್ಯಸ್ಥರಾದ ದೊಡ್ಡ ಫಾದರ್ ಟೀ ಆರಿಸಿಕೊಂಡು ಕುಡಿದರು.

ಶನಿವಾರ ಸಂಜೆ ಲೆಕ್ಕದ ಫಾದರ್ ಚರ್ಚಿನ ಪಾಪನಿವೇದನೆಯ ಗೂಡಿನಲ್ಲಿ ಕೂತಿದ್ದರು. ಜಾಲರಿಯ ಆಚೆ ಯಾರೋ ಮೊಣಕಾಲೂರಿದ ಸದ್ದು.

"ಪ್ರಶ್ನೆಪತ್ರಿಕೆ ಹೊರಗೆ ಹೋಗಿದ್ದು ನನ್ನಿಂದ, ಫಾದರ್."

ಪಿಸುದನಿ. ಅಳುವಿಲ್ಲ, ನಡುಕವಿಲ್ಲ, ಪಾಠ ಒಪ್ಪಿಸಿದ ಹಾಗೆ. ಫಾದರ್‌ಗೆ ದನಿಯ ಗುರುತು ಹತ್ತಿತು. ತಪ್ಪನ್ನು ಸರಿಪಡಿಸುವುದಾಗಿ ಮಾತು ಕೇಳಿದರು. ಆ ದನಿ ಮಾತು ಕೊಟ್ಟಿತು. ಇವರು ಕ್ಷಮೆ ಕೊಟ್ಟರು.

ಅಲ್ಲಿಗೆ ಬಾಯಿಗೆ ಬೀಗ ಬಿತ್ತು. ಗೂಡಿನಲ್ಲಿ ಕೇಳಿದ್ದನ್ನು ಪಾದ್ರಿಯಾದವನು ಕತ್ತು ಕೊಯ್ದರೂ ಹೇಳುವಂತಿಲ್ಲ. ಸನ್ನೆ ಮಾಡುವಂತಿಲ್ಲ. ಪಾಪ ಹೇಳಿಕೊಂಡವರಿಗೆ ಕೇಡಾಗುವಂತೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ತಾವೇ ಕಂಡುಹಿಡಿದ ತಪ್ಪು ಲೆಕ್ಕವನ್ನು ಈಗ ಮುಂದಿಟ್ಟರೂ, ಎಳೆ ಹಿಡಿದು ಹೋದವರು ಆ ದನಿಯ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ.

ಸೋಮವಾರ ಆಡಳಿತ ಮಂಡಳಿ ಹುಡುಗಿಯನ್ನು ಹೊರಗೆ ಹಾಕಿದ ಮೇಲೆ ದೊಡ್ಡ ಫಾದರ್ ಇವರನ್ನು ಕರೆಸಿದರು.

"ನೀವು ಅವಳ ಕ್ಲಾಸ್ ಟೀಚರ್. ಕದ್ದಿದ್ದು ಅವಳೇ ಅಂತ ಮಕ್ಕಳಿಗೆ ನೀವೇ ಹೇಳಿ."

"ಅವಳು ಕದ್ದಿಲ್ಲ."

"ಮತ್ಯಾರು? ಹೇಳಿ ಫಾದರ್. ಶುಕ್ರವಾರ ಭಾರಿ ಗರ್ಜಿಸಿದ್ರಲ್ಲ."

ಲೆಕ್ಕದ ಫಾದರ್ ನೆಲ ನೋಡಿದರು.

"ಬಾಯಿಗೆ ಬಾರದ ಸಾಕ್ಷಿ ಸಾಕ್ಷೀನೇ ಅಲ್ಲ. ಹೋಗಿ, ಪಾಠ ಮಾಡಿ."

ತರಗತಿಗೆ ಹೋದರು. ಏನೂ ಹೇಳಲಿಲ್ಲ. ಹುಡುಗಿ ಕದ್ದಳೆಂದೂ ಇಲ್ಲ, ಕದಿಯಲಿಲ್ಲವೆಂದೂ ಇಲ್ಲ. ತಮ್ಮ ಮೌನ ತಮಗೇ ಹಳಸಿದ ಅನ್ನದಂತೆ ನಾತ ಹೊಡೆಯಿತು. ಮುಂದಿನ ಬೆಂಚಿನಿಂದ ಗುತ್ತಿಗೆದಾರನ ಮಗ ಹಲ್ಲು ಕಿರಿದು "ಗುಡ್ ಮಾರ್ನಿಂಗ್ ಫಾದರ್" ಎಂದ. ಪರೀಕ್ಷೆಯ ಅದೇ ಲೆಕ್ಕವನ್ನು ಹಲಗೆಯ ಮೇಲೆ ಮಾಡಲು ಅವನನ್ನು ಕರೆದರು. ಹುಡುಗ ಸೀಮೆಸುಣ್ಣ ಹಿಡಿದು, ಸಂತೆಯಲ್ಲಿ ತಪ್ಪಿಸಿಕೊಂಡ ಕರುವಿನಂತೆ ನಿಂತ. ಫಾದರ್ ಅವನನ್ನು ಜಾಗಕ್ಕೆ ಕಳಿಸಿ, ತಾವೇ ಲೆಕ್ಕ ಮುಗಿಸಿದರು.

ಸಂಜೆ ಗೇಟಿನ ಬಳಿ ಕಾವಲುಗಾರ ಕೀಲಿಗೊಂಚಲು ಒಪ್ಪಿಸಲು ಬಂದಿದ್ದ. ಅವನ ಕೆಲಸವೂ ಹೋಗಿತ್ತು. ಪಕ್ಕದಲ್ಲಿ ಮಗಳು.

"ಫಾದರ್, ಬೋರ್ಡ್ ಪರೀಕ್ಷೆಗೆ ಹೆಸರು ಕಳಿಸೋದು ಈ ತಿಂಗಳೇ ಅಲ್ವಾ? ಶಾಲೆ ಇಲ್ದೆ ನನ್ನ ಹೆಸರು ಯಾರು ಕಳಿಸ್ತಾರೆ?"

"ಸುಮ್ನಿರಮ್ಮ," ಎಂದ ಅಪ್ಪ. "ದೊಡ್ಡೋರನ್ನ ಹಾಗೆಲ್ಲ ಕೇಳ್ಬಾರ್ದು."

"ಕೇಳ್ದೆ ಇದ್ದಿದ್ದಕ್ಕೇ ಅಲ್ವಾ ಅಪ್ಪ, ನೀನು ಕಳ್ಳ ಆಗಿದ್ದು?" ಹುಡುಗಿ ಫಾದರ್ ಕಡೆ ತಿರುಗಿದಳು. "ನಾನು ಕದ್ದೆ ಅಂತ ನೀವೂ ನಂಬ್ತೀರಾ?"

"ಇಲ್ಲ ಮಗಳೇ."

"ಹಾಗಾದ್ರೆ ಅದನ್ನ ಒಳಗೆ ಹೋಗಿ ಹೇಳಿ. ನನಗ್ಯಾಕೆ ಹೇಳ್ತೀರಿ?"

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಒಳಗೆ ಹೋಗಿ ಹೇಳಿಯೇ ಬಂದಿದ್ದರು. ಅರ್ಧ ಹೇಳಿದ ಸತ್ಯಕ್ಕೆ ಕಾಲಿರಲಿಲ್ಲ. ಫಾದರ್ ಕೈ ತೊಳೆದುಕೊಳ್ಳಲು ನಲ್ಲಿಯ ಹತ್ತಿರ ಹೋದರು. ಕ್ಷಮೆ ಕೊಡಲು ಎತ್ತಿದ್ದ ಬಲಗೈಯನ್ನು ಮತ್ತೆ ಮತ್ತೆ ತಿಕ್ಕಿದರು.

ಮುಂದಿನ ಶನಿವಾರ. ಜಾಲರಿಯ ಆಚೆ ಮತ್ತೆ ಅದೇ ಪಿಸುದನಿ.

"ಕೊಟ್ಟ ಮಾತು ನಡೆಸೋಕೆ ಆಗ್ಲಿಲ್ಲ, ಫಾದರ್. ಅದೂ ಪಾಪಾನೇ. ಕ್ಷಮೆ ಕೊಡಿ."

"ಆ ಹುಡುಗಿ ಬೆಂಚಿನ ಮೇಲೆ ವಾಪಸ್ ಕೂತ ದಿನ ಬನ್ನಿ. ಕೊಡ್ತೀನಿ."

"ಅಷ್ಟು ದಿನ ಕಾಯೋಕಾಗಲ್ಲ."

"ಅವಳು ಕಾಯ್ತಿದ್ದಾಳಲ್ಲ."

"ಫಾದರ್, ಇವತ್ತೇ ಬೇಕು."

"ಯಾಕೆ ಇವತ್ತೇ?"

ಪಿಸುದನಿ ಕಳಚಿ ಬಿತ್ತು.

"ಯಾಕಂದ್ರೆ ನಾಳೆ ಬೆಳಿಗ್ಗೆ ಚರ್ಚಲ್ಲಿ ಬಲಿಪೂಜೆ ಮಾಡ್ಬೇಕಾದೋನು ನಾನು, ಪಾಪ ಹೊತ್ಕೊಂಡು ಪೂಜೆಗೆ ನಿಲ್ಲೋ ಹಾಗಿಲ್ಲ! ಈ ಶಾಲೆಯ ಮುಖ್ಯಸ್ಥನಾಗಿ ಹೇಳ್ತಿದ್ದೀನಿ, ಇದು ಆಜ್ಞೆ, ಕ್ಷಮೆ ಕೊಡಿ!" ಎಂದು ದೊಡ್ಡ ಫಾದರ್ ಜಾಲರಿಗೆ ಗುದ್ದಿದರು.

"ಕೊಡಲ್ಲ."